ಗರಡಿಮನೆಯಿಂದ ವ್ಯಾಯಾಮಶಾಲೆಗೆ

ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಅವರ ಮನಸ್ಸಿನಲ್ಲಿ ಕದಂಬರೋ ಹೊಯ್ಸಳರೋ ಇದ್ದಿರಬೇಕು. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಅವರು ನಕ್ಕರು. ಆ ವಿಷಯವೆಂದರೆ ನಮ್ಮ ನಿಮ್ಮೆಲ್ಲರ ಹೊಟ್ಟೆ. ಹೊಟ್ಟೆಯ ಸುತ್ತ ವರುಷದಿಂದ ವರುಷಕ್ಕೆ ಬೆಳೆಯುವ ಕೊಬ್ಬು, ಮತ್ತು ಅದನ್ನು ಕರಗಿಸಲೆಂದು ಮನುಷ್ಯನು ಕೈಗೆತ್ತಿಕೊಂಡ ಗುಂಡು, ಗದೆ, ದಂಡೆ, ಬಸ್ಕಿಗಳ ಕಥೆ. ವಿಷಯವು ನಗೆ ತರಿಸುವಂತೆ ತೋರಿದರೂ ಅದರ ಒಳಗೆ ನಗಲಾಗದ ಸಂಗತಿಗಳು ಬಹಳ ಉಂಟು. ಮೊದಲು ನನ್ನ ಸ್ವಂತದ ಅವಿವೇಕವನ್ನು ಹೇಳಿ, ಬಳಿಕ ಇತಿಹಾಸಕ್ಕೆ ಬರುತ್ತೇನೆ.

ನಮ್ಮ ತಂದೆಯವರು ಧಾರವಾಡದ ಕಡೆಯ ಹಳ್ಳಿಯಿಂದ ಪುಣೆಗೆ ಗುಮಾಸ್ತಿಕೆಗಾಗಿ ಬಂದವರು. ಅಜ್ಜನವರು ಹೊಲದಲ್ಲಿ ದುಡಿದವರು. ಹರೆಯದಲ್ಲಿ ಊರ ಗರಡಿಯಲ್ಲಿ ಸಾಮು ಮಾಡಿದವರು. ಅವರ ಊಟದ ಪದ್ಧತಿ ನಮ್ಮೊಡನೆ ಪುಣೆಗೆ ಬಂದಿತು. ರೊಟ್ಟಿಯ ಲೆಕ್ಕ ಕಡಿಮೆಯಾಗಲಿಲ್ಲ, ಮೇಲೆ ಪುಣೆಯ ಚಹ, ಬಾಕರವಡಿಗಳು ಸೇರಿಕೊಂಡವು. ಅವರ ದುಡಿಮೆ ಮಾತ್ರ ಊರಲ್ಲಿಯೇ ಉಳಿಯಿತು. ನಾನು ಮೂವತ್ತು ವರುಷ ಕುರ್ಚಿಯ ಮೇಲೆ ಕುಳಿತೆ. ಐವತ್ತು ದಾಟಿದ ವರುಷ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆಯೆಂದೂ, ಸೊಂಟದ ಸುತ್ತಳತೆ ೧೦೨ ಸೆಂಟಿಮೀಟರು ಆಗಿದೆಯೆಂದೂ ಹೇಳಿ, ವ್ಯಾಯಾಮ ಮಾಡಿರೆಂದು ಕಳುಹಿಸಿದರು.

ಮರುದಿನವೇ ಮನೆಯ ಸಮೀಪದ ವ್ಯಾಯಾಮಶಾಲೆಯೊಂದಕ್ಕೆ, ಈಗಿನವರು ಜಿಮ್ ಎನ್ನುವ ಆ ಸ್ಥಳಕ್ಕೆ, ಹೋಗಿ ವರುಷದ ಹಣವನ್ನೆಲ್ಲ ಒಮ್ಮೆಗೇ ಕಟ್ಟಿದೆ. ಅಲ್ಲಿ ತರಬೇತಿ ಕೊಡುತ್ತಿದ್ದ ತರುಣನು ಬಸ್ಕಿ ಹೊಡೆಯಲು ಹೇಳಿದನು. ಎಷ್ಟು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗರಡಿಯಾಳಿನ ಮೊಮ್ಮಗನೆಂಬ ಜಂಬದಿಂದ ಇನ್ನೂರು ಹೊಡೆದೆ. ಮರುದಿನ ಮೆಟ್ಟಿಲಿಳಿಯಲಾಗಲಿಲ್ಲ. ಮೂರನೆಯ ದಿನ ಮೂತ್ರವು ಹಾಲಿಲ್ಲದ ಚಹದ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಮೂರು ದಿನ ಸಲೈನು ಹಾಕಿಸಿಕೊಂಡು ಮಲಗಬೇಕಾಯಿತು. ಅಭ್ಯಾಸವಿಲ್ಲದ ಸ್ನಾಯುವನ್ನು ಒಮ್ಮೆಲೇ ಅತಿಯಾಗಿ ದುಡಿಸಿದರೆ ಅದರ ಎಳೆಗಳು ಒಡೆದು, ಒಳಗಿನ ದ್ರವ್ಯಗಳು ರಕ್ತಕ್ಕಿಳಿದು, ಮೂತ್ರಪಿಂಡಗಳಿಗೇ ಪೆಟ್ಟು ಬೀಳಬಹುದಂತೆ. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು.

ಆಸ್ಪತ್ರೆಗೆ ನೋಡಲು ಬಂದ ಅವ್ವ ಮಂಚದ ಪಕ್ಕದಲ್ಲಿ ಕುಳಿತು ಹೇಳಿದಳು: "ನಿಮ್ಮಜ್ಜ ಗರಡೀಗೆ ಹೋದಾಗ ವಸ್ತಾದ ಮೊದಲನೇ ತಿಂಗಳ ಸಾಮ ಮಾಡಸಲೇ ಇಲ್ಲಂತ. ಬರೇ ಸಲಿಕಿ ಕೈಯಾಗ ಕೊಟ್ಟು ಮಣ್ಣ ಕೆದರಸ್ತಿದ್ದನಂತ. ನೀ ನೋಡಿದರ ಒಂದ ದಿನದಾಗ ಪೈಲ್ವಾನ ಆಗಾಕ ಹೋದಿ!"

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ವ್ಯಾಯಾಮವನ್ನು ಹೇಗೆ ಆರಂಭಿಸಬೇಕೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ನಾವು ಎಲ್ಲಿ, ಯಾವಾಗ ಮರೆತೆವು ಎಂದು ಹುಡುಕುತ್ತ ಹೋದಾಗ ದೊರೆತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಅರಸರ ಕಾಲದ ಸಾಮು

ಕನ್ನಡ ನಾಡಿನಲ್ಲಿ ವ್ಯಾಯಾಮದ ವಿಷಯವಾಗಿ ಕ್ರಮವಾದ ಬರಹ ದೊರೆಯುವುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಕಾಲದಲ್ಲಿ. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆತನ ರಾಜಧಾನಿ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಆತನ ಹೆಸರಿನಲ್ಲಿ ಸಂಸ್ಕೃತದಲ್ಲಿ ರಚಿತವಾದ 'ಮಾನಸೋಲ್ಲಾಸ'ವು ರಾಜನೀತಿ ಮೊದಲ್ಗೊಂಡು ಅಡಿಗೆಯವರೆಗೆ ನೂರು ವಿಷಯಗಳನ್ನು ಒಳಗೊಂಡ ಮಹಾಗ್ರಂಥ. ಅದರಲ್ಲಿ ಮಲ್ಲವಿನೋದವೆಂಬ ಭಾಗವುಂಟು. ಮಲ್ಲರನ್ನು ಅವರ ದೇಹ, ವಯಸ್ಸು, ನೈಪುಣ್ಯಗಳಿಗೆ ತಕ್ಕಂತೆ ಬೇರೆ ಬೇರೆ ತರಗತಿಗಳಾಗಿ ವಿಂಗಡಿಸಬೇಕೆಂದು ಅಲ್ಲಿ ಹೇಳಿದೆ. ಅವರು ಮಾಡಬೇಕಾದ ಶ್ರಮಗಳನ್ನೂ ಹೆಸರಿಸಿದೆ: ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳುಗಳ ಬಲಕ್ಕಾಗಿ ಬಾಹುಪೇಲನಕ ಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ. ಇಂದು ಹೊಸಬನಿಗೆ ಯಾವ ವೈದ್ಯನಾದರೂ ಹೇಳುವ ಮಾತು, ಸ್ವಲ್ಪ ಭಾರವೆತ್ತು, ಬಹಳ ನಡೆ, ಸಾಧ್ಯವಿದ್ದರೆ ಈಜು, ಎಂಬುದೇ ಅಲ್ಲವೆ? ಒಂಬೈನೂರು ವರುಷಗಳ ಹಿಂದಿನ ಈ ಪಟ್ಟಿಯಲ್ಲಿ ತೆಗೆದುಹಾಕಬೇಕಾದುದು ಏನೂ ಇಲ್ಲ.

ಮುಂದೆ ನಾಲ್ಕು ನೂರು ವರುಷಗಳ ತರುವಾಯ ವಿಜಯನಗರಕ್ಕೆ ಬರೋಣ. ೧೫೨೦ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನವೇ ಎದ್ದು ಅಜಮಾಸು ಮುಕ್ಕಾಲು ಪಿಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನು. ಮೈಗೂ ಅದನ್ನೇ ಹಚ್ಚಿಕೊಳ್ಳುತ್ತಿದ್ದನು. ಸೊಂಟಕ್ಕೊಂದು ಚಿಕ್ಕ ಬಟ್ಟೆ ಕಟ್ಟಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನು. ಬಳಿಕ ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿದುಹೋಗುವವರೆಗೆ ಕತ್ತಿಯ ವರಸೆ. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಕೊನೆಗೆ ಕುದುರೆಯೇರಿ ಬಯಲಿನಲ್ಲಿ ಬೆಳಗಾಗುವ ತನಕ ಸವಾರಿ. ಇಷ್ಟಾದ ಮೇಲೆಯೇ ಸ್ನಾನ, ದೇವರ ದರ್ಶನ, ರಾಜಕಾರ್ಯ.

ಈ ವರ್ಣನೆಯನ್ನು ನಮ್ಮಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅದೇ ಪಾಯೆಸನು ಅರಸನ ರೂಪವನ್ನು ವರ್ಣಿಸುವಾಗ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಕೃಷ್ಣದೇವರಾಯನು ನಡುಎತ್ತರದವನು, ಒಳ್ಳೆಯ ಮೈಕಟ್ಟಿನವನು, ಸಣಕಲು ಎನ್ನುವುದಕ್ಕಿಂತ ದಪ್ಪ ಎನ್ನಬೇಕಾದವನು. ದಿನಕ್ಕೆ ಅಷ್ಟು ಶ್ರಮಿಸಿದ ಮಹಾವೀರನು ತೆಳ್ಳಗಿರಲಿಲ್ಲ! ಇದರಿಂದ ಆತನ ಕೀರ್ತಿಗೇನೂ ಕುಂದಿಲ್ಲ. ಆತನಿಗೆ ಬೇಕಾಗಿದ್ದುದು ಯುದ್ಧರಂಗದಲ್ಲಿ ಕುದುರೆಯ ಮೇಲೆ ನಿಲ್ಲುವ ಬಲ, ಸೊಂಟದ ಅಳತೆಯಲ್ಲ. ವ್ಯಾಯಾಮದ ಉದ್ದೇಶವು ಕಾಲದಿಂದ ಕಾಲಕ್ಕೆ ಬದಲಾಗಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಗರಡಿಮನೆ

ಅರಮನೆಗಳ ಆಶ್ರಯ ಹೋದರೂ ಗರಡಿಮನೆಗಳು ಉಳಿದವು. ಮೈಸೂರಿನ ಹಳೆಯ ಕೇರಿಗಳಲ್ಲಿ, ಧಾರವಾಡ, ಬೆಳಗಾವಿ, ದಾವಣಗೆರೆಗಳ ಕಡೆ ಗರಡಿಯಿಲ್ಲದ ಊರು ಕಡಿಮೆಯಿದ್ದಿತು. ತಗ್ಗಾದ ಬಾಗಿಲು, ಒಳಗೆ ಹದ ಮಾಡಿದ ಕೆಂಪು ಮಣ್ಣು, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಮರದ ಗದೆಗಳು ಮತ್ತು ಎತ್ತುವ ಗುಂಡುಕಲ್ಲು. ದಂಡೆಯಿಂದ ತೋಳು ಎದೆಗಳಿಗೆ, ಬಸ್ಕಿಯಿಂದ ತೊಡೆಗಳಿಗೆ, ಗದೆ ತಿರುವುವುದರಿಂದ ಭುಜಗಳಿಗೆ ಬಲ. ಹಿಂದೂಗಳೂ ಮುಸಲ್ಮಾನರೂ ಅದೇ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಕುಸ್ತಿಗಿಳಿಯುತ್ತಿದ್ದರು. ಹೊಸ ಹುಡುಗನಿಗೆ ಸಲಿಕೆ ಕೊಟ್ಟು ಮಣ್ಣು ಅಗೆಯಲು ಹಚ್ಚುವುದು ಕೇವಲ ಸೇವೆಯಲ್ಲ. ಬೆನ್ನು, ಸೊಂಟ, ಕೈಗಳು ನಿಧಾನವಾಗಿ ಭಾರಕ್ಕೆ ಒಗ್ಗುವ ಮೊದಲ ಪಾಠ ಅದೇ.

ಗರಡಿಯ ಗುಣಗಳನ್ನು ಹೇಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಅಲ್ಲಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಐವತ್ತರ ಗುಮಾಸ್ತನಿಗೆ ಅಲ್ಲಿ ಜಾಗವಿರಲಿಲ್ಲ. ಪೈಲ್ವಾನನ ಊಟ ಹಾಲು, ತುಪ್ಪ, ಬಾದಾಮಿ. ಮೈ ತುಂಬಿಸುವುದೇ ಗುರಿ. ಕುಸ್ತಿ ಬಿಟ್ಟ ಮೇಲೂ ಆ ಊಟ ಬಿಡದ ಹಳೆಯ ಪೈಲ್ವಾನರ ಮೈ ಏನಾಗುತ್ತಿದ್ದಿತೆಂಬುದನ್ನು ಊರಿನವರೆಲ್ಲ ಬಲ್ಲರು. ಆದುದರಿಂದ ಗರಡಿಯಿಂದ ನಾವು ಕಲಿಯಬೇಕಾದುದು ಆರಂಭದ ಕ್ರಮವನ್ನು, ಊಟದ ಕ್ರಮವನ್ನಲ್ಲ.

ಗದೆಯು ಸಮುದ್ರ ದಾಟಿದುದು

ನಮ್ಮವರು ಅಷ್ಟಾಗಿ ಅರಿಯದ ಸಂಗತಿಯೊಂದುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಿಂದುಸ್ತಾನದಲ್ಲಿದ್ದ ಇಂಗ್ಲಿಷ್ ಸೈನ್ಯಾಧಿಕಾರಿಗಳು ಇಲ್ಲಿಯ ಸಿಪಾಯಿಗಳೂ ಜಟ್ಟಿಗಳೂ ಗದೆ ತಿರುವುವುದನ್ನು ಕಂಡು ಮೆಚ್ಚಿ, ಅದನ್ನು ತಮ್ಮ ಸೈನ್ಯದ ಕವಾಯತಿನಲ್ಲಿ ಸೇರಿಸಿದರು. ೧೮೩೪ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ವಾಕರ್ ಎಂಬವನು ಪ್ರಕಟಿಸಿದ ವ್ಯಾಯಾಮ ಗ್ರಂಥದಲ್ಲಿ ಇದರ ವಿವರವಿದೆ. 'ಇಂಡಿಯನ್ ಕ್ಲಬ್' ಎಂಬ ಹೆಸರಿನಿಂದ ಅದು ಯೂರೋಪು ಅಮೆರಿಕಗಳ ಶಾಲೆಗಳಲ್ಲೆಲ್ಲ ಹರಡಿತು; ೧೯೦೪ ಮತ್ತು ೧೯೩೨ರ ಒಲಿಂಪಿಕ್ ಕೂಟಗಳಲ್ಲಿ ಸ್ಪರ್ಧೆಯಾಗಿಯೂ ನಡೆಯಿತು. ಜಿಮ್ ಎಂಬುದು ಪೂರ್ತಿಯಾಗಿ ಪರದೇಶದ ಸರಕು ಎನ್ನುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗೆಂದು ಎಲ್ಲವೂ ನಮ್ಮದೇ ಎಂದು ಹೇಳಿಕೊಳ್ಳುವುದೂ ಸಲ್ಲದು. ೧೮೧೧ರಲ್ಲಿ ಫ್ರೀಡ್ರಿಖ್ ಯಾನ್ ಎಂಬ ಉಪಾಧ್ಯಾಯನು ಬರ್ಲಿನ್ನಿನ ಹೊರವಲಯದಲ್ಲಿ ಬಯಲು ವ್ಯಾಯಾಮಶಾಲೆಯನ್ನು ತೆರೆದನು. ಕಾಲಿನ ಕೆಳಗೆ ಓಡುವ ಪಟ್ಟಿಯ ಮೇಲೆ ನಡೆಯುವ ಇಂದಿನ ಯಂತ್ರದ ಹೆಸರಾದ 'ಟ್ರೆಡ್‌ಮಿಲ್' ಎಂಬುದು ಮೊದಲು ಇಂಗ್ಲೆಂಡಿನ ಸೆರೆಮನೆಗಳಲ್ಲಿದ್ದ ಶಿಕ್ಷೆಯ ಚಕ್ರಕ್ಕೆ ಇದ್ದ ಹೆಸರು. ೧೮೧೮ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರನು ಅದನ್ನು ನಿರ್ಮಿಸಿದನು. ಅಂದು ಕೈದಿಗಳು ಶಿಕ್ಷೆಯೆಂದು ತುಳಿದುದನ್ನು ಇಂದು ನಾವು ತಿಂಗಳ ಹಣ ಕಟ್ಟಿ ತುಳಿಯುತ್ತಿದ್ದೇವೆ!

ಬ್ಯಾಂಟಿಂಗ್ ಮಹಾಶಯನ ಅನುಭವ

ಕೊಬ್ಬು ಕರಗಿಸುವುದೇ ಮುಖ್ಯವೆಂದು ಜನ ತಿಳಿಯತೊಡಗಿದುದು ಕುರ್ಚಿಯ ಮೇಲಿನ ಉದ್ಯೋಗ ಹೆಚ್ಚಿದ ನಗರಗಳಲ್ಲಿ. ಈ ಕಥೆಯಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವನಿಗೆ ಒಂದು ಸ್ಥಾನವಿದೆ. ಆತನು ವೈದ್ಯನಲ್ಲ, ಪಂಡಿತನಲ್ಲ. ಶ್ರೀಮಂತರ ಶವಸಂಸ್ಕಾರದ ಏರ್ಪಾಟು ಮಾಡುವ ಕಸಬಿನವನು. ಎತ್ತರ ಐದೂವರೆ ಅಡಿಗೂ ಒಳಗೆ. ೧೮೬೨ರ ಆಗಸ್ಟಿನಲ್ಲಿ ತೂಕ ೨೦೨ ಪೌಂಡು, ಅಂದರೆ ಸುಮಾರು ೯೨ ಕಿಲೋ. ಬೂಟಿನ ದಾರ ಕಟ್ಟಲು ಬಗ್ಗಲಾಗದು. ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯಬೇಕು.

ಬ್ಯಾಂಟಿಂಗ್ ವ್ಯಾಯಾಮ ಮಾಡದೆ ಇರಲಿಲ್ಲ. ದಿನವೂ ಬೆಳಿಗ್ಗೆ ಎರಡು ಗಂಟೆಯ ಕಾಲ ದೋಣಿಗೆ ಹುಟ್ಟು ಹಾಕಿ ನೋಡಿದನು. ತೋಳಿಗೆ ಬಲ ಬಂದಿತು, ಅದರೊಡನೆ ಎಲ್ಲಿಲ್ಲದ ಹಸಿವೂ ಬಂದಿತು, ತಿಂದನು, ತೂಕ ಏರಿತು. ಉಗಿಸ್ನಾನಗಳನ್ನು ಮಾಡಿ ನೋಡಿದನು, ಫಲವಿಲ್ಲ. ಕೊನೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನ ಬಳಿ ಹೋದಾಗ, ಆತನು ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬೀರು, ಬಟಾಟೆಗಳನ್ನು ಬಿಡಿಸಿದನು. ಒಂದು ವರುಷದಲ್ಲಿ ೪೬ ಪೌಂಡು ಇಳಿಯಿತು. ೧೮೬೩ರಲ್ಲಿ ತನ್ನ ಅನುಭವವನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ ಹಂಚಿದನು. ಪುಸ್ತಿಕೆ ಎಷ್ಟು ಹೆಸರಾಯಿತೆಂದರೆ, ಆತನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೆ ಕ್ರಿಯಾಪದವಾಯಿತು.

ಇದರ ತಾತ್ಪರ್ಯ ವ್ಯಾಯಾಮ ಬೇಡವೆಂದಲ್ಲ. ವ್ಯಾಯಾಮವೊಂದನ್ನೇ ನೆಚ್ಚಿದರೆ ಹಸಿವೆಯು ಲೆಕ್ಕವನ್ನು ಸರಿಮಾಡಿಬಿಡುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು ೭,೭೦೦ ಕ್ಯಾಲೊರಿ ಅಡಗಿರುತ್ತದೆ. ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು ೩೦೦. ದಿನಕ್ಕೆ ನಾಲ್ಕು ಚಹ, ಪ್ರತಿ ಚಹಕ್ಕೆ ಎರಡು ಚಮಚ ಸಕ್ಕರೆ ಎಂದರೆ ೧೬೦ ಕ್ಯಾಲೊರಿ. ಅರ್ಧ ಗಂಟೆಯ ನಡಿಗೆ ಅಲ್ಲಿಗೇ ತೀರಿತು. ದೇಹವು ಜಮಾಖರ್ಚಿನ ಪುಸ್ತಕದಂತೆ ನಡೆಯುವುದಿಲ್ಲ, ನಿಜ. ಆದರೂ ಗುಮಾಸ್ತರಾದ ನಮಗೆ ಈ ಲೆಕ್ಕ ಅರ್ಥವಾಗದ ಲೆಕ್ಕವಲ್ಲ.

ಔಂಧದ ಅರಸರೂ ಬೆಂಗಳೂರಿನ ಅಯ್ಯರ್ ಅವರೂ

ಕಬ್ಬಿಣದ ಗುಂಡುಗಳ ಹುಚ್ಚನ್ನು ಲೋಕಕ್ಕೆಲ್ಲ ಹಬ್ಬಿಸಿದವನು ಪ್ರಶ್ಯದ ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ. ೧೮೯೭ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆ ತೆರೆದು, ಅಂಚೆಯ ಮೂಲಕ ಪಾಠ ಕಲಿಸಿ, ೧೯೦೪-೦೫ರಲ್ಲಿ ಭಾರತಕ್ಕೂ ಬಂದು ಪ್ರದರ್ಶನಗಳನ್ನಿತ್ತನು. ಆತನು ಬರುವ ಮೊದಲೇ ಆತನ ಸಲಕರಣೆಗಳು ಇಲ್ಲಿಗೆ ಬಂದಿದ್ದವು. ಅವುಗಳನ್ನು ಕೊಂಡವರಲ್ಲಿ ಔಂಧದ ರಾಜಕುಮಾರ ಭವಾನರಾವ್ ಪಂತ ಪ್ರತಿನಿಧಿಯವರೂ ಒಬ್ಬರು. ನಮ್ಮ ಪುಣೆಯ ಔಂಧ ಬಡಾವಣೆಯೆಂದು ಭ್ರಮಿಸಬಾರದು. ಇದು ಸಾತಾರೆಯ ಕಡೆಯ ಔಂಧ ಸಂಸ್ಥಾನ. ಈಗಿನ ವಿಜಯಪುರ ಜಿಲ್ಲೆಯ ಗುಣದಾಳವೂ ಆ ಸಂಸ್ಥಾನಕ್ಕೇ ಸೇರಿದ್ದುದರಿಂದ ಅದರ ಪ್ರಜೆಗಳಲ್ಲಿ ಕನ್ನಡಿಗರೂ ಇದ್ದರು.

ಭವಾನರಾಯರು ೧೮೯೭ರಿಂದ ಹತ್ತು ವರುಷ ಸ್ಯಾಂಡೋ ಪದ್ಧತಿಯಲ್ಲಿ ಸಾಧನೆ ಮಾಡಿ, ೧೯೦೮ರ ಹೊತ್ತಿಗೆ ಅದನ್ನು ಬಿಟ್ಟು ಸೂರ್ಯನಮಸ್ಕಾರಕ್ಕೆ ತಿರುಗಿದರು. ೧೯೦೯ರಲ್ಲಿ ಪಟ್ಟಕ್ಕೆ ಬಂದ ಮೇಲೆ ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಜಾರಿಗೆ ತಂದರು, ಪುಸ್ತಕ ಬರೆದರು. ೧೯೩೮ರಲ್ಲಿ ಲೂಯಿಸ್ ಮಾರ್ಗನ್ ಎಂಬ ಪತ್ರಿಕಾ ಲೇಖಕಿಯು ಅವರ ಪದ್ಧತಿಯನ್ನು ಲಂಡನ್ನಿನಲ್ಲಿ ಪುಸ್ತಕರೂಪವಾಗಿ ತಂದಳು. ಅರಸರ ಮನೆಯಲ್ಲಿ ರಾಣಿಯವರೂ ಮಕ್ಕಳೂ ದಿನವೂ ನಮಸ್ಕಾರ ಹಾಕುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇದೇ ಮಹತ್ವದ ಸಂಗತಿ. ಗರಡಿಯ ತಗ್ಗು ಬಾಗಿಲೊಳಗೆ ಹೋಗಲಾರದಿದ್ದ ಹೆಂಗಸಿಗೆ, ಕಾಸು ಖರ್ಚಿಲ್ಲದೆ, ಒಂದು ಚಾಪೆಯಷ್ಟು ಜಾಗದಲ್ಲಿ, ಮನೆಯೊಳಗೇ ಮಾಡುವ ವ್ಯಾಯಾಮ ದೊರೆತಂತಾಯಿತು.

ಗುಂಡನ್ನೂ ನಮಸ್ಕಾರವನ್ನೂ ಒಂದುಗೂಡಿಸಿದ ಕೀರ್ತಿ ನಮ್ಮ ಬೆಂಗಳೂರಿಗೆ ಸಲ್ಲಬೇಕು. ಪ್ರೊಫೆಸರ್ ಕೆ. ವಿ. ಅಯ್ಯರ್ ಎಂದೇ ಹೆಸರಾದ ಕೋಲಾರದ ವೆಂಕಟೇಶ ಅಯ್ಯರ್ ಅವರನ್ನು ಇಂದಿನ ವಾಚಕರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಬಲ್ಲರು. ಕೈಲಾಸಂ ಅವರ ಆಪ್ತರೆಂದೂ ಬಲ್ಲರು. ಆದರೆ ಅವರ ವೃತ್ತಿ ವ್ಯಾಯಾಮ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಹೆಸರಿನ ವ್ಯಾಯಾಮಶಾಲೆಯನ್ನು ನಡೆಸಿ, ೧೯೩೦ರಲ್ಲಿ 'ಮಸಲ್ ಕಲ್ಟ್', ೧೯೩೭ರಲ್ಲಿ 'ಸೂರ್ಯನಮಸ್ಕಾರ' ಎಂಬ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಬರೆದರು. ಪಾಶ್ಚಾತ್ಯರ ಭಾರಸಾಧನೆ ಮತ್ತು ನಮ್ಮ ಹಠಯೋಗ ಇವೆರಡೂ ಒಂದಕ್ಕೊಂದು ಪೂರಕವೆಂಬುದು ಅವರ ಮತ. ಅಂಚೆಯ ಮೂಲಕವೂ ಪಾಠಗಳನ್ನು ಕಳುಹಿಸುತ್ತಿದ್ದುದರಿಂದ ಊರು ಬಿಟ್ಟು ದೂರವಿದ್ದವರಿಗೂ ಅವರ ಶಿಷ್ಯರಾಗಲು ಸಾಧ್ಯವಿದ್ದಿತು. ಮೈಸೂರಿನ ಜಗನ್ಮೋಹನ ಅರಮನೆಯ ಆವರಣದಲ್ಲಿ ಅವರ ಶಿಷ್ಯರ ವ್ಯಾಯಾಮ ತರಗತಿ ನಡೆಯುತ್ತಿದ್ದಾಗ, ಕೂಗಳತೆಯ ದೂರದಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಯೂ ನಡೆಯುತ್ತಿದ್ದಿತು. ಇಂದು ಯೋಗ ಮೇಲೋ ಜಿಮ್ ಮೇಲೋ ಎಂದು ಜಗಳವಾಡುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು. ಅಯ್ಯರ್ ಅವರು ೧೯೮೦ರಲ್ಲಿ ತೀರಿಕೊಂಡರು.

ಹತ್ತರಂತೆ ಮೂರು ಸರದಿ

ಯಾವ ಊರಿನ ಜಿಮ್ಮಿಗೆ ಹೋದರೂ ಹೊಸಬನಿಗೆ ಹೇಳುವುದು ಒಂದೇ: ಹತ್ತು ಸಲದಂತೆ ಮೂರು ಸರದಿ. ಈ ಸೂತ್ರ ಹುಟ್ಟಿದುದು ಪೈಲ್ವಾನರಲ್ಲಲ್ಲ, ಗಾಯಾಳುಗಳಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲಿಗೆ ಪೆಟ್ಟು ತಿಂದು ಬಂದ ಸೈನಿಕರನ್ನು ನಡೆಯುವಂತೆ ಮಾಡುವುದಕ್ಕಾಗಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲೋರ್ಮ್ ಭಾರವನ್ನೆತ್ತಿಸುವ ಚಿಕಿತ್ಸೆಯನ್ನು ಆರಂಭಿಸಿ, ೧೯೪೫ರಲ್ಲಿ ಅದನ್ನು ಪ್ರಕಟಿಸಿದನು. ಮೊದಲು ಹತ್ತರಂತೆ ಏಳು ಸರದಿ ಮಾಡಿಸುತ್ತಿದ್ದವನು, ಅಷ್ಟು ಬೇಡವೆಂದು ಕಂಡು, ೧೯೪೮ರ ಹೊತ್ತಿಗೆ ಮೂರಕ್ಕೆ ಇಳಿಸಿದನು. ಆ ಮೂರರಲ್ಲಿಯೂ ಮೊದಲನೆಯದು ಅರ್ಧ ಭಾರ, ಎರಡನೆಯದು ಮುಕ್ಕಾಲು, ಕೊನೆಯದು ಮಾತ್ರ ಪೂರ್ತಿ. ಪ್ರತಿವಾರ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುವುದೇ ಚಿಕಿತ್ಸೆಯ ಜೀವಾಳ. ಗರಡಿಯ ವಸ್ತಾದನ ಸಲಿಕೆ ಇಲ್ಲಿ ವೈದ್ಯಶಾಸ್ತ್ರದ ಭಾಷೆಯಲ್ಲಿ ಮತ್ತೆ ಕಾಣಿಸಿಕೊಂಡಿತೆನ್ನಬಹುದು.

ಬಸ್ಸಿನ ಡ್ರೈವರನ ಸೊಂಟಪಟ್ಟಿ

೧೯೫೩ರಲ್ಲಿ ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಒಂದು ವಿಚಿತ್ರವನ್ನು ಪ್ರಕಟಿಸಿದನು. ಎರಡಂತಸ್ತಿನ ಬಸ್ಸುಗಳ ಡ್ರೈವರರಿಗೂ ಕಂಡಕ್ಟರರಿಗೂ ಮನೆ, ಬಡಾವಣೆ, ಊಟಗಳಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ ಡ್ರೈವರರಲ್ಲಿ ಹೃದ್ರೋಗ ಹೆಚ್ಚು, ಕಂಡಕ್ಟರರಲ್ಲಿ ಕಡಿಮೆ. ಡ್ರೈವರನು ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರನು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಾನೆ. ೧೯೫೬ರಲ್ಲಿ ಆತನು ಸಂಸ್ಥೆಯ ದರ್ಜಿಯ ದಾಖಲೆಗಳನ್ನೂ ನೋಡಿದನು: ಡ್ರೈವರರ ಷರಾಯಿಗಳ ಸೊಂಟದ ಅಳತೆ ಕಂಡಕ್ಟರರದಕ್ಕಿಂತ ದೊಡ್ಡದು. ಸಮವಸ್ತ್ರ ಕೊಡುವಾಗಲೇ ಆ ಅಂತರ ಇದ್ದುದರಿಂದ, ದಪ್ಪಗಿನವರೇ ಕುಳಿತುಕೊಳ್ಳುವ ಕೆಲಸಕ್ಕೆ ಸೇರುತ್ತಿದ್ದಿರಬಹುದೆಂದು ಆತನು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಆದರೆ ತೆಳ್ಳಗಿದ್ದ ಡ್ರೈವರರಿಗೂ ಅಪಾಯ ಹೆಚ್ಚೆಂದು ಮುಂದಿನ ಲೆಕ್ಕಗಳಲ್ಲಿ ಕಂಡಿತು. ಕುಳಿತೇ ಇರುವುದು ತಾನೇ ಒಂದು ಕೇಡು.

ಕೊನೆಯ ಸಂಗತಿ ನಮ್ಮ ಪುಣೆಯದೇ. ೨೦೦೪ರಲ್ಲಿ ಇಲ್ಲಿಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ನರೂ ತಮ್ಮಿಬ್ಬರ ಚಿತ್ರವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿ.ಎಂ.ಐ. ಎನ್ನುವುದು, ಇಬ್ಬರದೂ ೨೨.೩. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ ೯.೧, ಯಾಜ್ಞಿಕರ ಮೈಯಲ್ಲಿ ಶೇಕಡಾ ೨೧.೨. ಭಾರತೀಯನು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ತುಂಬಿಕೊಂಡಿರಬಹುದು. ಆದುದರಿಂದಲೇ ನಮ್ಮವರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರು ಮೀರಿದರೆ ಎಚ್ಚರಿಕೆಯೆಂದು ವೈದ್ಯರು ಹೇಳುತ್ತಾರೆ. ತಕ್ಕಡಿಗಿಂತ ದರ್ಜಿಯ ಟೇಪೇ ನಮಗೆ ಒಳ್ಳೆಯ ಗುರು.

ಹೊಸಬರಿಗೆ ನಾಲ್ಕು ಮಾತು

ಆಸ್ಪತ್ರೆಯಿಂದ ಬಂದ ಎರಡು ತಿಂಗಳ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ನಾನು ಮತ್ತೆ ಆರಂಭಿಸಿದೆ. ಈ ಸಲ ಜಂಬವಿರಲಿಲ್ಲ. ಮೊದಲ ತಿಂಗಳು ನಡಿಗೆ ಮಾತ್ರ. ದಿನಕ್ಕೆ ಇಪ್ಪತ್ತು ನಿಮಿಷದಿಂದ ಮೊದಲುಮಾಡಿ ಮೂವತ್ತಕ್ಕೆ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿದ ವಾರಕ್ಕೆ ೧೫೦ ನಿಮಿಷ ಅಲ್ಲಿಗೆ ಆಯಿತು. ಆ ಸಂಸ್ಥೆಯೇ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕೆಂದಿದೆ. ಎರಡನೆಯ ತಿಂಗಳು ಅದಕ್ಕೂ ಕೈಹಾಕಿದೆ: ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯೂರಿ ದಂಡೆ, ಹಗುರವಾದ ಗುಂಡುಗಳನ್ನು ಎದೆಯ ಕಡೆಗೆ ಎಳೆಯುವುದು, ನೆಲದಿಂದ ಭಾರವನ್ನು ಬೆನ್ನು ನೇರವಾಗಿಟ್ಟು ಎತ್ತುವುದು. ಹದಿನೈದು ದಿನ ಹತ್ತರ ಒಂದೇ ಸರದಿ, ಮುಂದೆ ಎರಡು, ತಿಂಗಳಾದ ಮೇಲೆ ಮೂರು. ಹತ್ತು ಮುಗಿದಾಗ ಇನ್ನೆರಡು ಮಾಡಬಲ್ಲೆನೆಂಬಷ್ಟು ಕಸುವು ಉಳಿದಿರಬೇಕು. ಹನ್ನೆರಡು ಸಲೀಸಾದಾಗ ಭಾರವನ್ನು ತುಸು ಏರಿಸಬೇಕು. ಎರಡು ಸಾಮಿನ ದಿನಗಳ ನಡುವೆ ಒಂದು ದಿನವಾದರೂ ಬಿಡುವಿರಬೇಕು.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುವುದೆಂಬುದು ಭ್ರಮೆ. ಕೊಬ್ಬು ಎಲ್ಲಿಂದ ಇಳಿಯಬೇಕೆಂಬುದನ್ನು ದೇಹವೇ ನಿರ್ಣಯಿಸುತ್ತದೆ. ಊಟದಲ್ಲಿ ಅನ್ನ, ರೊಟ್ಟಿಗಳನ್ನು ಪೂರ್ತಿ ಬಿಡಬೇಕಾದುದಿಲ್ಲ; ಒಂದು ಪಾಲು ಕಡಿಮೆ ಮಾಡಿ ಆ ಜಾಗದಲ್ಲಿ ಕಾಳುಪಲ್ಯ, ಮಜ್ಜಿಗೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಇಟ್ಟುಕೊಂಡರೆ ಹಸಿವು ತಡೆಯುತ್ತದೆ, ಸ್ನಾಯುವೂ ಉಳಿಯುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳವಾಯಿತು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು, ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು. ನನ್ನಂತೆ ಮೂತ್ರದ ಬಣ್ಣ ಬದಲಾದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹದಿನಾಲ್ಕು ತಿಂಗಳಲ್ಲಿ ನನ್ನ ಸೊಂಟ ೧೦೨ರಿಂದ ೯೩ಕ್ಕೆ ಬಂದಿದೆ. ೯೦ ಇನ್ನೂ ಆಗಿಲ್ಲ. ಸಕ್ಕರೆ ಕಾಯಿಲೆ ಹೊಸ್ತಿಲಿನಿಂದ ಒಳಗೆ ಬಂದಿಲ್ಲ. ಬಾರದಿರಲೆಂದು ದಿನವೂ ನಡೆಯುತ್ತಿದ್ದೇನೆ. ಈಗ ನನ್ನ ಹೆಂಡತಿಯೂ ಜೊತೆಗೆ ಬರುತ್ತಾಳೆ. ಭಾರವೆತ್ತುವುದರಲ್ಲಿ ನನಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದಾಳೆಂದು ಒಪ್ಪಿಕೊಳ್ಳಬೇಕು.

೧೯೫೬ರ ನವೆಂಬರ್ ಒಂದರಂದು ಹರಿದು ಹಂಚಿಹೋಗಿದ್ದ ನಾಡು ಒಂದಾದುದನ್ನು ನಾವು ಪ್ರತಿವರುಷವೂ ನೆನೆಯುತ್ತೇವೆ, ಭಾಷಣ ಕೇಳುತ್ತೇವೆ, ಹೋಳಿಗೆ ಊಟ ಮಾಡುತ್ತೇವೆ. ಊಟ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಕಳೆದ ಕೆಲವು ವರುಷಗಳಲ್ಲಿ ನಮ್ಮ ಸಂಘದ ಎಷ್ಟು ಮಂದಿ ಸದಸ್ಯರು ಅರವತ್ತು ತುಂಬುವ ಮೊದಲೇ ತೀರಿಕೊಂಡರೆಂಬುದನ್ನು ಸ್ಮರಿಸೋಣ. ಊರಿನಿಂದ ನುಡಿಯನ್ನು ತಂದೆವು, ಹಬ್ಬಗಳನ್ನು ತಂದೆವು, ಅಡಿಗೆಯನ್ನು ತಂದೆವು. ಮೈಮುರಿದು ಬೆವರಿಳಿಸುವ ಅಭ್ಯಾಸವನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವು. ಭಾನುವಾರ ಬೆಳಿಗ್ಗೆ ಆರೂವರೆಗೆ ಸಂಘದ ಬಾಗಿಲಲ್ಲಿ ಸೇರಿ, ಗಂಡಸರು, ಹೆಂಗಸರು, ಮಕ್ಕಳು ಎನ್ನದೆ ಅರ್ಧ ಗಂಟೆ ಕೂಡಿ ನಡೆಯುವ ಏರ್ಪಾಟನ್ನು ಈ ವರುಷದಿಂದಲೇ ಮಾಡಬಹುದು. ನಡೆಯುತ್ತ ಆಡುವ ಮಾತು ಕನ್ನಡವೇ ಆಗಿರುವುದರಿಂದ ಸಂಘದ ಉದ್ದೇಶಕ್ಕೂ ಬಾಧಕವಿಲ್ಲ.

ಮೊದಲನೆಯ ದಿನ ಬಹಳ ನಡೆಯಬೇಕಾದುದಿಲ್ಲ. ನಮ್ಮ ಅಜ್ಜನ ಕೈಗೆ ವಸ್ತಾದನು ಮೊದಲು ಕೊಟ್ಟುದು ಸಲಿಕೆಯನ್ನು ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.